ಇಂದಿನ ತೂಕ

ಸಂಜೆ ಐದಕ್ಕೆ ಕೊನೆಯ ಪುಟ್ಟ ರೈಲು
ಗಣಿಯ ಹೊಟ್ಟೆಯಿಂದ ಜನರನ್ನು ತಂದು ಸುರಿಯುತ್ತದೆ.
ಹಳದಿ ಹೆಲ್ಮೆಟ್ಟು ಕಳಚಿ, ಕೂದಲು ಸರಿಮಾಡಿಕೊಂಡು
ಅವರು ಕಾರು ಹತ್ತುತ್ತಾರೆ.
ಆಮೇಲೆ ನಮ್ಮ ಸರದಿ:
ನಾನು, ಟೆಕ್ವಿನ್, ಎರಡು ಜೊತೆ ರಬ್ಬರ್ ಕೈಗವಸು,
ಹದಿನಾಲ್ಕು ಚೀಲ.

ಒಂದೊಂದನ್ನೂ ಬಿಚ್ಚಿ ಟಾರ್ಪಾಲಿನ ಮೇಲೆ ಹರವುತ್ತೇವೆ,
ಸತ್ತವರ ಜೇಬು ತಡಕುವವರ ಹಾಗೆ, ನಾಚಿಕೆಯಿಂದ.
ಅರ್ಧ ಕಚ್ಚಿದ ಕೇಕು. ಮಳೆಯಂಗಿಯ ತೆಳು ಪ್ಲಾಸ್ಟಿಕ್ಕು,
ಹತ್ತೇ ನಿಮಿಷ ಯಾರದೋ ಹೆಗಲ ಮೇಲೆ ಬಾಳಿದ್ದು.
ಹಸುಳೆಯ ಡೈಪರು. ಒಂದೇ ಒಂದು ಕಾಲುಚೀಲ,
ಇನ್ನೊಂದು ಪಾದ ಯಾವ ಊರಿಗೆ ಹೋಯಿತೋ.
ಮತ್ತೆ ಕಾಗದದ ಲೋಟ, ಲೋಟ, ಲೋಟದೊಳಗೆ ಲೋಟ,
ತಳದಲ್ಲಿ ತಣ್ಣಗಾದ ಕಾಫಿ
ನನ್ನ ತೋಳಿನುದ್ದಕ್ಕೂ ಇಳಿಯುತ್ತದೆ.

ತೂಗಿ, ಗೋಡೆಯ ಸ್ಲೇಟಿನ ಮೇಲೆ ಬಳಪದಲ್ಲಿ ಬರೆಯುತ್ತೇನೆ:
ನಲವತ್ತೊಂದು ಕಿಲೋ.
ಮರುದಿನ ಒರೆಸಿ, ಮತ್ತೆ.

ಇದೆಲ್ಲ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು.
ಕಣಿವೆಯಾಚೆ ಇನ್ನೊಂದು ಸ್ಲೇಟು ಗಣಿ ಇದೆ, ಮುಚ್ಚಿದ್ದು.
ವೇಲ್ಸಿನ ಈ ಮೂಲೆಯಲ್ಲಿ ಅಂಥವು ಬೇಕಾದಷ್ಟು.
ಅಲ್ಲಿ ನನ್ನ ತಾತ ಗ್ವಿಲಿಮ್
ತೊಡೆಗೆ ಸರಪಳಿ ಸುತ್ತಿಕೊಂಡು ಬಂಡೆಗೆ ನೇತುಬಿದ್ದು
ಮೂವತ್ತೆರಡು ವರ್ಷ ಗುಂಡಿ ತೋಡಿದ,
ಎದೆಯ ತುಂಬ ದೂಳು ತುಂಬಿಕೊಂಡು ಮಲಗಿದ.
ಅವನು ತೋಡಿದ್ದನ್ನು ಈಗ
ವಾರಕ್ಕೆ ಎರಡು ಲಾರಿಯಂತೆ ನಾನು ತುಂಬುತ್ತಿದ್ದೇನೆ.
ಗುಂಡಿಗೆ ನೆನಪಿಲ್ಲ. ಬಾಯಿ ಮಾತ್ರ ಇದೆ.

ಲೋಟ ನಿಲ್ಲಿಸೋಣ ಎಂದೆ ಮೀಟಿಂಗಿನಲ್ಲಿ.
ಮ್ಯಾನೇಜರ್ ಹೆಫಿನ್ ಕನ್ನಡಕ ಒರೆಸಿದ: "ಜನ ಬೈತಾರೆ."
ಬೈದರು. ಒಂದು ಪೌಂಡು ಠೇವಣಿ, ಎನಾಮಲ್ ಮಗ್ಗು,
ವಾಪಸು ಕೊಟ್ಟರೆ ವಾಪಸು.
ಬರ್ಮಿಂಗ್‌ಹ್ಯಾಮಿನಿಂದ ಬಂದವರೊಬ್ಬರು
ಕಾಫಿ ಕುಡಿಯೋಕೂ ಅಡವಿಡಬೇಕಾ ಎಂದು ಕೂಗಾಡಿದರು.
ಕೇಕಿನ ಚೂರು, ಚಹಾಸೊಪ್ಪು
ಶೆಡ್ಡಿನ ಹಿಂದಿನ ಪೆಟ್ಟಿಗೆಯಲ್ಲಿ ಹುಳುಗಳ ಪಾಲಾಯಿತು;
ಅವು ಮಾತ್ರ ಯಾವ ದೂರೂ ಬರೆಯಲಿಲ್ಲ.
ಮೂರನೆಯ ವಾರ ಒಬ್ಬ ಹುಡುಗಿ
ಮಗ್ಗನ್ನು ಎದೆಗವಚಿಕೊಂಡು, ಕೊಡಲೊಲ್ಲೆನೆಂದು ಅತ್ತಳು.
ಇರಲಿ ಎಂದೆ. ಕಸವಾಗಲು ಒಪ್ಪದ ಒಂದು ವಸ್ತುವನ್ನು
ಕಣ್ಣಾರೆ ಕಂಡೆ.

ಮೊನ್ನೆ ಬಿಡುವಿನಲ್ಲಿ ಟೆಕ್ವಿನ್
ಎದುರಿನ ಬೂದುಬೆಟ್ಟ ತೋರಿಸಿ ನಕ್ಕ.
ಎಲ್ಲರೂ ಅದರ ಮುಂದೆ ನಿಂತೇ ಫೋಟೋ ತೆಗೆಸಿಕೊಳ್ಳುವುದು.
ಮಳೆ ಬಿದ್ದರೆ ನೇರಳೆ, ಬಿಸಿಲಿಗೆ ಬೆಳ್ಳಿ.
"ಅದೂ ಕಸವೇ ತಾನೇ," ಎಂದ.
ಹೌದು. ಗುಡ್ಡ ಅಗೆದು ಇಲಿ ಹಿಡಿದ ಕತೆ:
ಹತ್ತು ಪಾಲು ಒಡೆದರೆ ಮಾಡಿಗೆ ಒದಗಿದ್ದು ಒಂದು,
ಉಳಿದದ್ದನ್ನು ತಾತಂದಿರು ಅಲ್ಲೇ ಸುರಿದು ಊಟಕ್ಕೆ ಹೋದರು.
ನೂರು ವರ್ಷಕ್ಕೆ ಅದು ನೋಟವಾಯಿತು, ಟಿಕೆಟ್ಟೂ ಆಯಿತು.
ಸಂದಿಯಲ್ಲಿ ಜರೀಗಿಡ, ತುದಿಯಲ್ಲಿ ಕಾಡುಮೇಕೆ.
ಕಲ್ಲು ಕಲ್ಲಾಗಿಯೇ ಉಳಿದಿತ್ತು, ಅದಕ್ಕೆ.

ನಮ್ಮದು?
ಚಿಪ್ಸ್ ಪೊಟ್ಟಣದ ಒಳಬದಿಯೂ ಬೆಳ್ಳಿಯೇ,
ಆದರೆ ಯಾವ ಜರೀಗಿಡ ಅದನ್ನು ತನ್ನದೆನ್ನುತ್ತದೆ?
ಅದರ ಮುಂದೆ ನಿಂತು
ಯಾರ ಮೊಮ್ಮಗಳು ಕ್ಯಾಮೆರಾಗೆ ನಗುತ್ತಾಳೆ?

ಇವತ್ತು ಐದು ಚೀಲ. ಹನ್ನೆರಡು ಕಿಲೋ ಆರುನೂರು ಗ್ರಾಂ.
ಡೈಪರಿಗೆ ಇನ್ನೂ ದಾರಿ ಹೊಳೆದಿಲ್ಲ.
ಆರುನೂರು ಬಿಟ್ಟುಬಿಡು, ಹನ್ನೆರಡು ಅಂತ ಬರಿ, ಎಂದ ಟೆಕ್ವಿನ್.
ಬಿಡಲಿಲ್ಲ.
ಬಳಪ ಕಿರ್ರೆಂದಿತು.
ತಾತನ ಕಾಲದ ಸೀಳುಗಲ್ಲಿನ ಮೇಲೆ ಪೂರ್ತಿ ಬರೆದು,
ಬೆರಳಿಗೆ ಹತ್ತಿದ ಬಿಳಿಯನ್ನು
ಪ್ಯಾಂಟಿಗೆ ಒರೆಸಿ, ದೀಪ ಆರಿಸಿದೆ.